ಮರ ತಿನ್ನುವ ಅಣಬೆಯ ಜೀನೋಮ್ ಓದಿಸಬೇಕಾ? ಮೊದಲು ಪ್ಲೇಟ್ ನೋಡಿ, ಆಮೇಲೆ ಮಷಿನ್

ಅಣಬೆಯ ಜೀನೋಮ್ ಸೀಕ್ವೆನ್ಸಿಂಗ್, ಅಂದರೆ ಅದರ ಡಿಎನ್ಎ ಪೂರ್ತಿ ಅಕ್ಷರ ಅಕ್ಷರವಾಗಿ ಓದಿಸುವುದು, ಅಂದ ತಕ್ಷಣ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ಯಾವ ಮಷಿನ್, ಎಷ್ಟು ಖರ್ಚು ಅಂತ. ಅದು ನಾಲ್ಕನೆಯದೋ ಐದನೆಯದೋ ಪ್ರಶ್ನೆ ಆಗಬೇಕು. ಮೊದಲು ಕೇಳಬೇಕಾದ್ದು ಬೇರೆ. ನಿಮ್ಮ ಪ್ಲೇಟಿನಲ್ಲಿ ಬೆಳೆದಿರುವ ಶಿಲೀಂಧ್ರದ ಕೋಶದಲ್ಲಿ ಎಷ್ಟು ಥರದ ನ್ಯೂಕ್ಲಿಯಸ್ ಇದೆ, ಒಂದಾ ಎರಡಾ? ಇದು ಗೊತ್ತಿಲ್ಲದೆ ಡಿಎನ್ಎ ತೆಗೆದು ಕಳಿಸಿದರೆ, ಆಮೇಲೆ ಕಂಪ್ಯೂಟರ್ ಎದುರು ಕೂತು ತಲೆ ಕೆರೆದುಕೊಳ್ಳುವುದು ಗ್ಯಾರಂಟಿ.

ಯಾಕೆ ಅಂತ ಹೇಳುತ್ತೇನೆ. ಮರದ ಮೇಲೆ ಕಾಣುವ ಅಣಬೆ ಹೆಚ್ಚಾಗಿ ಡೈಕಾರಿಯಾನ್ ಆಗಿರುತ್ತದೆ. ಬೀಜದಂಥ ಕಣಗಳಾದ ಎರಡು ಬೇರೆ ಬೇರೆ ಸ್ಪೋರ್‌ಗಳಿಂದ ಬಂದ ಎಳೆಗಳು ಕೂಡಿಕೊಂಡಿವೆ, ಆದರೆ ನ್ಯೂಕ್ಲಿಯಸ್‌ಗಳು ಒಂದಾಗಿಲ್ಲ. ಎರಡೂ ಒಂದೇ ಕೋಶದಲ್ಲಿ ಅಕ್ಕಪಕ್ಕ ಇದ್ದುಕೊಂಡು, ಕೋಶ ಎರಡಾದಾಗಲೆಲ್ಲ ಅವೂ ಜೊತೆಯಾಗಿ ಎರಡಾಗುತ್ತಾ ಹೋಗುತ್ತವೆ. ಅಣಬೆಯ ಅಡಿಯ ಹಾಳೆಯಂಥ ಗಿಲ್‌ನಲ್ಲಿ ಸ್ಪೋರ್ ಆಗುವ ಹೊತ್ತಿಗೆ ಮಾತ್ರ ಅವು ಬೆರೆಯುತ್ತವೆ. ಅಂದರೆ ನೀವು ಅಣಬೆಯ ತುಂಡಿನಿಂದ ಕಲ್ಚರ್ ಮಾಡಿದರೆ ನಿಮ್ಮ ಕೈಯಲ್ಲಿರುವುದು ಎರಡು ಜೀನೋಮ್, ಒಂದಲ್ಲ.

ಇದರಿಂದ ಏನಾಗುತ್ತದೆ ಅನ್ನುವುದಕ್ಕೆ ದೊಡ್ಡ ದೊಡ್ಡ ಲ್ಯಾಬ್‌ಗಳ ಕೆಲಸವೇ ಸಾಕ್ಷಿ. ಮರ ಕೊಳೆಸುವ ಅಣಬೆ ಜಾತಿಗಳಲ್ಲಿ ಮೊದಲು ಓದಿದ್ದು ಫ್ಯಾನೆರೋಕೀಟೆ ಕ್ರೈಸೋಸ್ಪೋರಿಯಮ್ ಅನ್ನುವುದನ್ನು. ಅಮೆರಿಕದ ಜಾಯಿಂಟ್ ಜೀನೋಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಆದ ಕೆಲಸ, 2004ರಲ್ಲಿ ಪ್ರಕಟವಾಯಿತು. ಅಲ್ಲಿ ಆರಿಸಿಕೊಂಡ ಆರ್‌ಪಿ78 ತಳಿಯಲ್ಲಿ ಒಂದೇ ಥರದ ನ್ಯೂಕ್ಲಿಯಸ್ ಇತ್ತು. ಸುಮಾರು 3 ಕೋಟಿ ಅಕ್ಷರದ ಜೀನೋಮ್ ಸಿಕ್ಕಿತು. 2009ರಲ್ಲಿ ಪೋಸ್ಟಿಯಾ ಪ್ಲಸೆಂಟಾ ಓದಿದಾಗ ತೆಗೆದುಕೊಂಡಿದ್ದು ಡೈಕಾರಿಯಾನ್. ಓದಿದ ತುಂಡುಗಳನ್ನು ಜೋಡಿಸಿದಾಗ ಬಂದ ಮೊತ್ತ 9 ಕೋಟಿ ಅಕ್ಷರ ದಾಟಿತು, ಯಾಕೆಂದರೆ ಎರಡು ನ್ಯೂಕ್ಲಿಯಸ್‌ನ ಡಿಎನ್ಎ ಬಹುಪಾಲು ಬೇರೆ ಬೇರೆಯಾಗಿಯೇ ಜೋಡಿಸಿಕೊಂಡಿತ್ತು. 2017ರಲ್ಲಿ ಅದೇ ಶಿಲೀಂಧ್ರದ ಒಂಟಿ ನ್ಯೂಕ್ಲಿಯಸ್ ತಳಿಯನ್ನು ಓದಿದಾಗ ಬಂದ ಅಳತೆ ಸುಮಾರು 4.25 ಕೋಟಿ. ಅರ್ಧಕ್ಕಿಂತ ಕಡಿಮೆ!

ಮಷಿನ್ ಒಂದೇ ಸಲಕ್ಕೆ ಓದುವ ಡಿಎನ್ಎ ತುಂಡಿಗೆ ರೀಡ್ ಅನ್ನುತ್ತಾರೆ. ಈಗಿನ ಉದ್ದ ರೀಡ್‌ಗಳು, ಜೊತೆಗೆ ಕೋಶದೊಳಗೆ ಯಾವ ಡಿಎನ್ಎ ತುಂಡು ಯಾವುದರ ಹತ್ತಿರ ಇತ್ತು ಅಂತ ಹೇಳುವ ಹೈ-ಸಿ ಡೇಟಾ ಇದ್ದರೆ ಎರಡು ನ್ಯೂಕ್ಲಿಯಸ್ ಬೇರೆ ಮಾಡಿ ಜೋಡಿಸಬಹುದು, ಸುಳ್ಳಲ್ಲ. ಆದರೆ ಮೊದಲ ಸಲ ಮಾಡುವವರು, ಎಂಎಸ್ಸಿ ಪ್ರಾಜೆಕ್ಟ್‌ನವರು, ಪಿಎಚ್‌ಡಿ ಶುರುಮಾಡಿದವರು ಆ ಗೋಜಿಗೆ ಹೋಗಬೇಡಿ. ಒಂಟಿ ನ್ಯೂಕ್ಲಿಯಸ್ ಕಲ್ಚರ್, ಅಂದರೆ ಮಾನೋಕಾರಿಯಾನ್ ಮಾಡಿಕೊಳ್ಳಿ. ಪ್ಲೇಟು, ಸೂಜಿ, ಸ್ವಲ್ಪ ತಾಳ್ಮೆ ಬೇಕು, ಅಷ್ಟೇ.

ಯಾವ ಅಣಬೆ ಹಿಡಿಯುವುದು

ನನ್ನ ಸಲಹೆ ಸ್ಪ್ಲಿಟ್ ಗಿಲ್, ಅಂದರೆ ಸ್ಕೈಜೋಫಿಲಮ್ ಕಮ್ಯೂನ್. ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡದಲ್ಲೂ ಇದೆ. ನಮ್ಮಲ್ಲಿ ಮಳೆಗಾಲದಲ್ಲಿ ಕಡಿದು ಹಾಕಿದ ಮಾವಿನ ದಿಮ್ಮಿ, ಬಿದ್ದ ಗುಲ್ಮೊಹರ್ ಕೊಂಬೆ, ಸೌದೆ ರಾಶಿ, ಎಲ್ಲಿ ನೋಡಿದರೂ ಸಿಗುತ್ತದೆ. ಒಂದರಿಂದ ಮೂರು ಸೆಂಟಿಮೀಟರ್ ಅಗಲದ ಸಣ್ಣ ಬೀಸಣಿಗೆ ಆಕಾರ, ಮೇಲೆ ಬೂದು ಬಿಳಿ ರೋಮ, ಕಾಂಡ ಇಲ್ಲ ಅನ್ನುವಷ್ಟು ಕಡಿಮೆ. ತಿರುಗಿಸಿ ಲೆನ್ಸ್‌ನಲ್ಲಿ ನೋಡಿ: ಪ್ರತಿ ಗಿಲ್‌ನ ಅಂಚು ಉದ್ದಕ್ಕೆ ಸೀಳಿ ಎರಡು ಪದರ ಆಗಿರುತ್ತದೆ. ಒಣಗಿದಾಗ ಆ ಎರಡು ಪದರ ಹೊರಕ್ಕೆ ಸುರುಳಿ ಸುತ್ತಿಕೊಂಡು ಸ್ಪೋರ್ ಬಿಡುವ ಮೈಯನ್ನು ಮುಚ್ಚುತ್ತವೆ, ನೀರು ಬಿದ್ದರೆ ಮತ್ತೆ ಬಿಚ್ಚುತ್ತವೆ. ಬೇಸಿಗೆಯಲ್ಲಿ ಸೌದೆ ಮೇಲೆ ಒಣಗಿ ಗಟ್ಟಿಯಾದದ್ದು ಸಿಕ್ಕರೂ ಬಿಸಾಡಬೇಡಿ, ಒದ್ದೆ ಟಿಶ್ಯೂ ಜೊತೆ ಡಬ್ಬಿಯಲ್ಲಿಡಿ, ಎಷ್ಟೋ ಸಲ ಮತ್ತೆ ಸ್ಪೋರ್ ಬಿಡುತ್ತದೆ. ಮಣಿಪುರದಲ್ಲಿ ಇದನ್ನು ಕಾಂಗ್ಲಾಯೆನ್ ಅಂತ ಕರೆದು ಅಡುಗೆಗೆ ಹಾಕುತ್ತಾರೆ.

ಇದನ್ನೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಲ್ಯಾಬ್‌ನ ಪ್ಲೇಟಿನ ಮೇಲೇ ಅಣಬೆ ಕಟ್ಟುತ್ತದೆ, ಬೇಗ ಬೆಳೆಯುತ್ತದೆ, ಹೋಲಿಸಿ ನೋಡಲು 2010ರಲ್ಲಿ ಪ್ರಕಟವಾದ ಎಚ್4-8 ತಳಿಯ ಜೀನೋಮ್ ಇದೆ: 3.85 ಕೋಟಿ ಅಕ್ಷರ, 13,210 ಜೀನ್. ನಿಮ್ಮ ಫಲಿತಾಂಶ ಇದರ ಹತ್ತಿರ ಇದೆಯಾ ಅಂತ ಪ್ರತಿ ಹಂತದಲ್ಲೂ ತಾಳೆ ನೋಡಬಹುದು.

ಅಡಿಕೆ, ತೆಂಗಿನ ತೋಟದವರಿಗೆ ಗ್ಯಾನೋಡರ್ಮ ಮೇಲೆ ಮನಸ್ಸಿರುತ್ತದೆ, ನಮ್ಮಲ್ಲಿ ಅಣಬೆ ರೋಗ ಅಂತಲೇ ಅದಕ್ಕೆ ಹೆಸರು. ಮಾಡಬೇಕಾದ ಕೆಲಸವೇ. ಆದರೆ ಅದರ ಸ್ಪೋರ್ ಮೊಳೆಯಿಸುವುದು ಕಷ್ಟ, ಜಾತಿ ಗುರುತಿಸುವುದು ಇನ್ನೂ ಕಷ್ಟ. 2012ರಲ್ಲಿ ಚೀನಾದವರು ಗ್ಯಾನೋಡರ್ಮ ಲುಸಿಡಮ್ ಓದಿದಾಗ ಮಾನೋಕಾರಿಯಾನ್ ಪಡೆದದ್ದು ಪ್ರೋಟೋಪ್ಲಾಸ್ಟ್ ದಾರಿಯಲ್ಲಿ, ಅಂದರೆ ಕೋಶದ ಗೋಡೆಯನ್ನು ಎನ್‌ಜೈಮ್‌ನಿಂದ ಕರಗಿಸಿ, ಒಂದೊಂದು ಕೋಶವನ್ನು ಬೇರೆ ಬೆಳೆಸಿ. ಸ್ಪೋರ್ ಸಿಗದ ಅಣಬೆಗೆ ಅದೇ ಉಪಾಯ. ಆದರೆ ಕೈ ಪಳಗಿದ ಮೇಲೆ ಅದಕ್ಕೆ ಹೋಗಿ.

ಒಂದು ಎಚ್ಚರಿಕೆ. ಸ್ಪ್ಲಿಟ್ ಗಿಲ್ ಅಪರೂಪಕ್ಕೆ ಮನುಷ್ಯರ ಸೈನಸ್, ಶ್ವಾಸಕೋಶಕ್ಕೂ ಹತ್ತಿದ ಉದಾಹರಣೆಗಳಿವೆ. ಸ್ಪೋರ್ ಬೀಳುವ ಪ್ಲೇಟನ್ನು ಮೇಜಿನ ಮೇಲೆ ಬಿಚ್ಚಿಟ್ಟುಕೊಂಡು ಕೂರಬೇಡಿ, ಮಾಸ್ಕ್ ಹಾಕಿ, ಹುಡ್‌ನಲ್ಲಿ ಕೆಲಸ ಮಾಡಿ. ಆಸ್ತಮಾ ಇರುವವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡಿ.

ತರುವಾಗ

ಮನೆಯ ಹಿತ್ತಿಲು, ಪರಿಚಯದವರ ತೋಟವಾದರೆ ಒಂದು ಮಾತು ಕೇಳಿದರೆ ಸಾಕು. ಕಾಡಿನಿಂದ ತರಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ತೆಗೆದುಕೊಳ್ಳಿ. ಸ್ಯಾಂಪಲ್ ಅಥವಾ ಕಲ್ಚರ್ ಹೊರದೇಶಕ್ಕೆ ಹೋಗುವ ಯೋಚನೆ ಇದ್ದರೆ 2002ರ ಜೀವವೈವಿಧ್ಯ ಕಾಯ್ದೆ ಬರುತ್ತದೆ, ಗೈಡ್ ಜೊತೆ ಕೂತು ಓದಿಕೊಳ್ಳಿ. ಪೇಪರ್ ಬರೆಯುವ ಹೊತ್ತಿಗೆ ಇದು ನೆನಪಾದರೆ ಕಷ್ಟ.

ಕೀಳುವ ಮುಂಚೆ ಫೋಟೋ, ಜಾಗದ ಜಿಪಿಎಸ್, ತಾರೀಖು, ಯಾವ ಮರ, ಮರ ಬದುಕಿತ್ತಾ ಸತ್ತಿತ್ತಾ, ಇಷ್ಟನ್ನೂ ಬರೆದುಕೊಳ್ಳಿ. ಪೇಪರ್ ಕವರ್‌ನಲ್ಲಿ ತನ್ನಿ, ಪ್ಲಾಸ್ಟಿಕ್‌ನಲ್ಲಿ ಬೆವೆತು ಬೂಸ್ಟು ಹಿಡಿಯುತ್ತದೆ. ಒಂದೇ ಗುಂಪಿನ ಒಂದೆರಡು ಅಣಬೆಯನ್ನು ಒಣಗಿಸಿ ನಂಬರ್ ಹಾಕಿ ಎತ್ತಿಡಿ. ನಾಳೆ ಯಾರಾದರೂ ಇದು ಸ್ಕೈಜೋಫಿಲಮ್ಮೇ ಅಲ್ಲ ಅಂದರೆ ತೋರಿಸಲು ಏನಾದರೂ ಬೇಕಲ್ವಾ.

ಒಂದೇ ಸ್ಪೋರ್ ಹಿಡಿಯುವುದು

ಈ ಭಾಗಕ್ಕೆ ಸಮಯ ಕೊಡಿ. ಬೇರೆ ಎಲ್ಲವನ್ನೂ ದುಡ್ಡು ಕೊಟ್ಟು ಯಾರ ಹತ್ತಿರವಾದರೂ ಮಾಡಿಸಬಹುದು, ಇದನ್ನು ನೀವೇ ಮಾಡಬೇಕು.

ಅಣಬೆಯ ಬುಡದ ಮರದ ಚೂರು ತೆಗೆದು, ರೋಮದ ಕಡೆಗೆ ಒಂದು ಚುಕ್ಕೆ ವ್ಯಾಸಲಿನ್ ಹಚ್ಚಿ, ಪೆಟ್ರಿ ಪ್ಲೇಟಿನ ಮುಚ್ಚಳದ ಒಳಗೆ ಅಂಟಿಸಿ. ಗಿಲ್ ಕೆಳಗೆ ಮುಖ ಮಾಡಿರಬೇಕು. ಕೆಳಗಿನ ಪ್ಲೇಟಿನಲ್ಲಿ ನೀರಿನ ಅಗರ್ (ಪೋಷಕಾಂಶ ಇಲ್ಲದ ಜೆಲ್ಲಿ) ಸಾಕು. ರಾತ್ರಿ ಬಿಟ್ಟು ಬೆಳಗ್ಗೆ ನೋಡಿದರೆ ಗಿಲ್‌ನ ಗೆರೆಗಳ ಆಕಾರದಲ್ಲೇ ತೆಳು ಬಿಳಿ ಪುಡಿ ಬಿದ್ದಿರುತ್ತದೆ. ಬೇಗ ಬಿದ್ದರೆ ಮುಚ್ಚಳವನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹೋಗಿ, ಕೆಲವು ಕಡೆ ದಟ್ಟ, ಕೆಲವು ಕಡೆ ತೆಳುವಾಗಿ ಬೀಳುತ್ತದೆ. ತೆಳುವಾದ ಜಾಗವೇ ನಮಗೆ ಬೇಕಾದ್ದು.

ಆ ಪುಡಿಯನ್ನು ಸ್ಟೆರೈಲ್ ನೀರಿಗೆ ಸೇರಿಸಿ, ಒಂದು ತೊಟ್ಟು ಟ್ವೀನ್ ಅನ್ನುವ ಸೋಪಿನಂಥ ದ್ರವ ಹಾಕಿ, ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ತೆಳು ಮಾಡಿ 2% ಮಾಲ್ಟ್ ಅಗರ್ ಮೇಲೆ ಹರಡಿ. ಬ್ಯಾಕ್ಟೀರಿಯಾ ಕಾಟಕ್ಕೆ ಕ್ಲೋರಾಂಫೆನಿಕಾಲ್, ಹಸಿರು ಬೂಸ್ಟಿನ ಕಾಟಕ್ಕೆ ಸ್ವಲ್ಪ ಬೆನೊಮಿಲ್. ಈ ಗುಂಪಿನ ಅಣಬೆಗಳು ಬೆನೊಮಿಲ್ ತಡೆದುಕೊಳ್ಳುತ್ತವೆ, ಬಹಳಷ್ಟು ಬೂಸ್ಟುಗಳು ತಡೆಯುವುದಿಲ್ಲ. ಒಂದೆರಡು ದಿನದಲ್ಲಿ ಸ್ಪೋರ್ ಮೊಳೆತು ಎಳೆ ಬಿಡುತ್ತದೆ. ಸ್ಟೀರಿಯೋ ಮೈಕ್ರೋಸ್ಕೋಪ್ ಕೆಳಗಿಟ್ಟು, ಸುತ್ತ ಯಾರೂ ಇಲ್ಲದ ಒಂಟಿ ಮೊಳಕೆಯನ್ನು ಹುಡುಕಿ, ಅದರ ಕೆಳಗಿನ ಅಗರ್ ಸಮೇತ ಸಣ್ಣ ಸೂಜಿಯಿಂದ ಎತ್ತಿ ಹೊಸ ಪ್ಲೇಟಿಗೆ ಹಾಕಿ. ತಡಮಾಡಬೇಡಿ. ಎಳೆಗಳು ಒಂದಕ್ಕೊಂದು ತಾಗಿದ ಮೇಲೆ ಎತ್ತಿದರೆ ಪ್ರಯೋಜನವಿಲ್ಲ. ಹತ್ತು ಹದಿನೈದು ಎತ್ತಿಟ್ಟುಕೊಳ್ಳಿ.

ಈಗ ಪರೀಕ್ಷೆ. ಬೆಳೆದ ಅಂಚಿನಿಂದ ಚೂರು ಎಳೆ ತೆಗೆದು ಲ್ಯಾಕ್ಟೋಫೀನಾಲ್ ಕಾಟನ್ ಬ್ಲೂ ಬಣ್ಣ ಹಾಕಿ 400 ಪಟ್ಟು ದೊಡ್ಡದು ಮಾಡಿ ನೋಡಿ. ಡೈಕಾರಿಯಾನ್ ಆದರೆ ಎಳೆಯ ಅಡ್ಡಗೋಡೆಗಳ ಹತ್ತಿರ ಪಕ್ಕಕ್ಕೆ ಸಣ್ಣ ಕೊಕ್ಕೆಯಂಥ ಉಬ್ಬು ಕಾಣುತ್ತದೆ, ಅದೇ ಕ್ಲಾಂಪ್. ಮಾನೋಕಾರಿಯಾನ್‌ನಲ್ಲಿ ಇರುವುದಿಲ್ಲ. ಇಲ್ಲಿಗೆ ಎಲ್ಲರೂ ನಿಲ್ಲಿಸಿಬಿಡುತ್ತಾರೆ, ನಾನು ನಿಲ್ಲಿಸಬೇಡಿ ಅನ್ನುತ್ತೇನೆ. ಕ್ಲಾಂಪ್ ಕಂಡರೆ ಡೈಕಾರಿಯಾನ್ ಅನ್ನುವುದು ಸರಿ, ಆದರೆ ಕ್ಲಾಂಪ್ ಕಾಣಲಿಲ್ಲ ಅಂದ ಮಾತ್ರಕ್ಕೆ ಒಂಟಿ ಅಂತ ಆಗುವುದಿಲ್ಲ. ಸ್ಕೈಜೋಫಿಲಮ್‌ನಲ್ಲಿ ಕೂಡುವಿಕೆಯನ್ನು ಎ ಮತ್ತು ಬಿ ಅನ್ನುವ ಎರಡು ಜಾಗದ ಜೀನ್‌ಗಳು ನಿರ್ಧರಿಸುತ್ತವೆ, ಎರಡೂ ಬೇರೆ ಬೇರೆ ಇದ್ದರೆ ಮಾತ್ರ ಸರಿಯಾದ ಡೈಕಾರಿಯಾನ್. ಒಂದೇ ಅಣಬೆಯ ಸ್ಪೋರ್‌ಗಳಲ್ಲಿ ನಾಲ್ಕು ಥರ ಇರುತ್ತವೆ. ಹಾಗಾಗಿ ಗೊತ್ತಿಲ್ಲದೆ ಎರಡು ಸ್ಪೋರ್ ಒಟ್ಟಿಗೆ ಎತ್ತಿದ್ದರೆ, ಅವು ಸರಿಯಾಗಿ ಕೂಡಿ ಕ್ಲಾಂಪ್ ತೋರಿಸುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಉಳಿದ ಮೂರು ಸಲ ಎರಡು ಸ್ಪೋರ್‌ನ ಬೆರಕೆ ಸರಿಯಾದ ಕ್ಲಾಂಪ್ ಇಲ್ಲದೆ ನಿಮ್ಮ ಪ್ಲೇಟಿನಲ್ಲಿ ಸುಮ್ನೆ ಕೂತಿರುತ್ತದೆ. ಪರಿಹಾರ ಸುಲಭ: ಆರಿಸಿದ ಕಲ್ಚರ್ ಅನ್ನು ಪೋಷಕಾಂಶ ಕಡಿಮೆ ಇರುವ ಮೀಡಿಯಾದಲ್ಲಿ ತೆಳುವಾಗಿ ಹರಡಲು ಬಿಟ್ಟು, ಅಂಚಿನ ಒಂದೇ ಎಳೆಯ ತುದಿಯನ್ನು ಕತ್ತರಿಸಿ ಮತ್ತೆ ಬೆಳೆಸಿ. ಅದನ್ನೇ ಇನ್ನೊಂದು ಸಲ ಮಾಡಿ.

ನಾವು ಇಷ್ಟು ತಲೆಕೆಡಿಸಿಕೊಳ್ಳುವುದಕ್ಕೆ ಈ ಶಿಲೀಂಧ್ರದ್ದೇ ಒಂದು ವಿಶೇಷ ಕಾರಣ ಇದೆ. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕ ಮತ್ತು ರಷ್ಯಾದಿಂದ ತಲಾ 12 ಮಾನೋಕಾರಿಯಾನ್ ಓದಿ ಹೋಲಿಸಿದರು. ಪ್ರೋಟೀನ್ ಬದಲಾಯಿಸದ ಜಾಗಗಳಲ್ಲಿ ಅಮೆರಿಕದ ಎರಡು ತಳಿಗಳ ನಡುವೆ ಸರಾಸರಿ 20% ಅಕ್ಷರ ಬೇರೆ, ರಷ್ಯಾದಲ್ಲಿ 13%. ಒಂದೇ ಜಾತಿಯೊಳಗೆ ಅಷ್ಟು ವ್ಯತ್ಯಾಸ ಅದುವರೆಗೆ ನ್ಯೂಕ್ಲಿಯಸ್ ಇರುವ ಬೇರೆ ಯಾವ ಜೀವಿಯಲ್ಲೂ ಕಂಡಿರಲಿಲ್ಲ. ಮನುಷ್ಯರಲ್ಲಿ ಇಬ್ಬರ ನಡುವಿನ ವ್ಯತ್ಯಾಸ ಸಾವಿರಕ್ಕೆ ಒಂದು ಅಕ್ಷರದ ಆಸುಪಾಸು. ಅಂಥ ಎರಡು ನ್ಯೂಕ್ಲಿಯಸ್ ಒಂದೇ ಟ್ಯೂಬಿಗೆ ಹೋದರೆ ಸಾಫ್ಟ್‌ವೇರ್ ಅವನ್ನು ಎರಡು ಜೀವಿ ಅಂತಲೇ ಎಣಿಸುತ್ತದೆ. ಎಚ್4-8 ಜೀನೋಮ್ ಮೇಲೆ ನಿಮ್ಮ ರೀಡ್ ಹೊಂದಿಸಿ ಕೆಲಸ ಮುಗಿಸೋಣ ಅನ್ನುವ ಅಡ್ಡದಾರಿಯೂ ಇದೇ ಕಾರಣಕ್ಕೆ ನಡೆಯುವುದಿಲ್ಲ, ರೀಡ್‌ಗಳು ಬಹಳಷ್ಟು ಕೂರುವುದೇ ಇಲ್ಲ. ಹೊಸದಾಗಿಯೇ ಜೋಡಿಸಬೇಕು.

ಆರಿಸಿದ ಮಾನೋಕಾರಿಯಾನ್‌ನ ಜಾತಿ ಗುರುತಿಸಲು ಬಳಸುವ ಐಟಿಎಸ್ ಅನ್ನುವ ಡಿಎನ್ಎ ತುಂಡನ್ನು ಪಿಸಿಆರ್ (ಡಿಎನ್ಎ ನಕಲು ಮಾಡುವ ವಿಧಾನ) ಮಾಡಿ, ಸಣ್ಣ ತುಂಡು ಓದುವ ಹಳೆಯ ವಿಧಾನವಾದ ಸ್ಯಾಂಗರ್‌ನಲ್ಲಿ ಓದಿಸಿ. ಐಟಿಎಸ್1ಎಫ್, ಐಟಿಎಸ್4 ಪ್ರೈಮರ್ ಸಾಕು. ಸಣ್ಣ ಖರ್ಚು, ದೊಡ್ಡ ನಷ್ಟ ತಪ್ಪಿಸುತ್ತದೆ. ಗ್ಯಾನೋಡರ್ಮದವರಿಗೆ ಇದೊಂದೇ ಸಾಲದು, ಇನ್ನೂ ಒಂದೆರಡು ಜೀನ್ ಬೇಕಾಗುತ್ತದೆ. ಅದೇ ಅಣಬೆಯ ತುಂಡಿನಿಂದ ಬೆಳೆಸಿದ ತಾಯಿ ಡೈಕಾರಿಯಾನ್ ಕಲ್ಚರ್ ಅನ್ನೂ ಬಿಸಾಡಬೇಡಿ, 15–20% ಗ್ಲಿಸರಾಲ್ ಹಾಕಿ ಮೈನಸ್ 80ರಲ್ಲಿಡಿ.

ಲೋಳೆ ಇಲ್ಲದ ಡಿಎನ್ಎ

ಸ್ಕೈಜೋಫಿಲಮ್ ಅನ್ನು ಮಾಲ್ಟ್ ಬ್ರಾತ್‌ನಲ್ಲಿ ವಾರಗಟ್ಟಲೆ ಬೆಳೆಸಿದರೆ ಫ್ಲಾಸ್ಕ್ ಅಲ್ಲಾಡಿಸಿದಾಗ ಒಳಗಿನದು ಬೆಂಡೆಕಾಯಿ ಲೋಳೆಯ ಥರ ಎಳೆ ಎಳೆಯಾಗಿ ಇಳಿಯುತ್ತದೆ. ಅದು ಸ್ಕೈಜೋಫಿಲ್ಲಾನ್ ಅನ್ನುವ ಬೀಟಾ ಗ್ಲೂಕಾನ್, ಶಿಲೀಂಧ್ರ ಹೊರಕ್ಕೆ ಬಿಡುವ ಸಕ್ಕರೆ ಸರಪಳಿ. ಡಿಎನ್ಎ ಜೊತೆ ಅಂಟಿಕೊಂಡು ಬಂದರೆ ಮಷಿನ್‌ಗೆ ಡಿಎನ್ಎ ಸಜ್ಜು ಮಾಡುವ, ಅಂದರೆ ಲೈಬ್ರರಿ ಮಾಡುವ ಎನ್‌ಜೈಮ್‌ಗಳು ಕೆಲಸ ಮಾಡುವುದಿಲ್ಲ, ನ್ಯಾನೋಪೋರ್ ಮಷಿನ್‌ನ ಓದುವ ಚಿಪ್, ಅಂದರೆ ಫ್ಲೋಸೆಲ್‌ನ ರಂಧ್ರಗಳು ಬೇಗ ಕಟ್ಟಿಕೊಳ್ಳುತ್ತವೆ.

ತಪ್ಪಿಸಲು ಎರಡು ದಾರಿ. ಬ್ರಾತ್‌ನಲ್ಲೇ ಬೆಳೆಸುವುದಾದರೆ ಎಳೆಯದಿದ್ದಾಗಲೇ, ಐದಾರು ದಿನದೊಳಗೆ ತೆಗೆದು, ಬಟ್ಟೆಯಲ್ಲಿ ಸೋಸಿ, ಸ್ಟೆರೈಲ್ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ನನಗೆ ಇಷ್ಟವಾದ ದಾರಿ ಇನ್ನೊಂದು: ಅಗರ್ ಪ್ಲೇಟಿನ ಮೇಲೆ ಆಟೋಕ್ಲೇವ್ ಮಾಡಿದ ಸೆಲೋಫೇನ್ ಹಾಳೆ ಹಾಸಿ ಅದರ ಮೇಲೆ ಬೆಳೆಸುವುದು. ಮೂರ್ನಾಲ್ಕು ದಿನದಲ್ಲಿ ಬಿಳಿ ಪದರ ಹಾಳೆಯಿಂದ ಸ್ಪಾಚುಲಾದಲ್ಲಿ ಹಾಗೇ ಕೆರೆದು ಬರುತ್ತದೆ, ಅಗರ್ ಅಂಟುವುದಿಲ್ಲ, ಲೋಳೆಯೂ ಕಡಿಮೆ. ಪ್ಲೇಟು ಜಾಸ್ತಿ ಬೇಕು ಅನ್ನುವುದೊಂದೇ ತಕರಾರು. ಸೆಲೋಫೇನ್ ಅಂದರೆ ನಿಜವಾದ ಸೆಲ್ಯುಲೋಸ್ ಹಾಳೆ. ಗಿಫ್ಟ್ ಸುತ್ತುವ ಪ್ಲಾಸ್ಟಿಕ್ ತಂದು ಆಟೋಕ್ಲೇವ್‌ಗೆ ಹಾಕಿದರೆ ಮುದುಡಿ ಉಂಡೆಯಾಗುತ್ತದೆ.

ತೆಗೆದದ್ದನ್ನು ಬ್ಲಾಟಿಂಗ್ ಪೇಪರ್ ನಡುವೆ ಒತ್ತಿ ನೀರು ತೆಗೆದು, ಲಿಕ್ವಿಡ್ ನೈಟ್ರೋಜನ್‌ನಲ್ಲಿ ಗಟ್ಟಿ ಮಾಡಿ, ತಣ್ಣನೆ ಕುಟ್ಟಾಣಿಯಲ್ಲಿ ನುಣ್ಣಗೆ ಪುಡಿ ಮಾಡಿ. ಪುಡಿ ಕರಗುವ ಮುಂಚೆ ಕೋಶ ಒಡೆದು ಡಿಎನ್ಎ ಬಿಡಿಸುವ ಬಿಸಿ ಸಿಟ್ಯಾಬ್ ಬಫರ್‌ಗೆ ಹಾಕಬೇಕು: 2% ಸಿಟ್ಯಾಬ್, 1.4 ಮೋಲಾರ್ ಉಪ್ಪು, 100 ಮಿಲಿಮೋಲಾರ್ ಟ್ರಿಸ್, 20 ಮಿಲಿಮೋಲಾರ್ ಇಡಿಟಿಎ, 1% ಪಿವಿಪಿ, ಹಾಕುವ ಮುಂಚೆ ಸ್ವಲ್ಪ ಬೀಟಾ ಮರ್ಕ್ಯಾಪ್ಟೋಇಥನಾಲ್. 1 ಗ್ರಾಂ ಪುಡಿಗೆ 10 ಎಂಎಲ್. 60–65 ಡಿಗ್ರಿಯಲ್ಲಿ ಅರ್ಧ ಗಂಟೆ, ಆಗಾಗ ನಿಧಾನಕ್ಕೆ ತಲೆಕೆಳಗು ಮಾಡುತ್ತಾ. ಜೋರಾಗಿ ಕುಲುಕುವ ವೋರ್ಟೆಕ್ಸ್ ಮುಟ್ಟಲೇಬೇಡಿ. ಆಮೇಲೆ ಕ್ಲೋರೋಫಾರ್ಮ್ ಮತ್ತು ಐಸೋಅಮೈಲ್ ಆಲ್ಕೋಹಾಲ್ 24ಕ್ಕೆ 1, ಫ್ಯೂಮ್ ಹುಡ್‌ನಲ್ಲಿ. ಸೆಂಟ್ರಿಫ್ಯೂಜ್ ರೂಮಿನ ಉಷ್ಣತೆಯಲ್ಲೇ ಇರಲಿ, 4 ಡಿಗ್ರಿಗೆ ಇಟ್ಟರೆ ಸಿಟ್ಯಾಬ್ ಗಟ್ಟಿಯಾಗಿ ಕೆಳಗೆ ಕೂತು ಕೆಲಸ ಕೆಡುತ್ತದೆ. ಮೇಲಿನ ನೀರಿನ ಪದರ ತೆಗೆದು, ಆರ್‌ಎನ್ಎ ಕರಗಿಸುವ ಆರ್‌ಎನ್‌ಏಸ್ ಕೊಟ್ಟು, ಇನ್ನೊಮ್ಮೆ ಕ್ಲೋರೋಫಾರ್ಮ್ ಮಾಡಿ, 0.7 ಪಾಲು ಐಸೋಪ್ರೊಪನಾಲ್ ಹಾಕಿ. ಡಿಎನ್ಎ ಹತ್ತಿಯ ಎಳೆಯಾಗಿ ಕಂಡರೆ ಕೊಕ್ಕೆಯಿಂದ ಎತ್ತಿಬಿಡಿ. ರಾತ್ರಿಯಿಡೀ ಮೈನಸ್ 20ರಲ್ಲಿ ಇಡುವ ಚಾಳಿ ಇಲ್ಲಿ ಬೇಡ, ಲೋಳೆಯೂ ಜೊತೆಗೆ ಕೆಳಗಿಳಿಯುತ್ತದೆ. 70% ಇಥನಾಲ್‌ನಲ್ಲಿ ತೊಳೆದು ಬಫರ್‌ನಲ್ಲಿ ಕರಗಲು ಬಿಡಿ, ಪಿಪೆಟ್‌ನಿಂದ ಎಳೆದಾಡಬೇಡಿ. ಪಿಪೆಟ್ ತುದಿ ಅಗಲ ಬಾಯಿಯದ್ದಿರಲಿ.

ಡಿಎನ್ಎ ಎಷ್ಟಿದೆ ಅಂತ ಅಳೆಯುವಾಗ, ಬೆಳಕು ಹಾಯಿಸಿ ಅಳೆಯುವ ನ್ಯಾನೋಡ್ರಾಪ್ ಒಂದನ್ನೇ ನಂಬಬೇಡಿ. ಅದು ಆರ್‌ಎನ್ಎಯನ್ನೂ ಸೇರಿಸಿ ಹೇಳುತ್ತದೆ. ಡಿಎನ್ಎಯನ್ನು ಮಾತ್ರ ಅಳೆಯುವ ಕ್ಯೂಬಿಟ್ ಜೊತೆ ಹೋಲಿಸಿ. ಎರಡರ ಲೆಕ್ಕ ಹೆಚ್ಚುಕಡಿಮೆ ಒಂದೇ ಇದ್ದರೆ ಒಳ್ಳೆಯದು, ನ್ಯಾನೋಡ್ರಾಪ್ ಮೂರು ಪಟ್ಟು ಹೇಳಿದರೆ ಇನ್ನೂ ಶುದ್ಧ ಆಗಬೇಕು. ನ್ಯಾನೋಡ್ರಾಪ್ ತೋರಿಸುವ ಶುದ್ಧತೆಯ ಅಳತೆಗಳಲ್ಲಿ 260/280 ಅನುಪಾತ 1.8ರ ಸುತ್ತ, 260/230 ಅನುಪಾತ 2ರ ಸುತ್ತ ಇರಲಿ. ಎರಡನೆಯದು 1ಕ್ಕಿಂತ ಕೆಳಗಿದ್ದರೆ ಸಕ್ಕರೆಯೋ ಬೇರೆ ಕಸವೋ ಉಳಿದಿದೆ. ಜೆಲ್‌ನಲ್ಲಿ ಅಳತೆಗೆ ಬಳಸುವ ಲ್ಯಾಂಬ್ಡಾ ಹಿಂಡ್-3 ಲ್ಯಾಡರ್‌ನ 23 ಸಾವಿರ ಅಕ್ಷರದ ಪಟ್ಟಿಗಿಂತ ಮೇಲೆ ಗಟ್ಟಿ ಪಟ್ಟಿ ಕಾಣಬೇಕು, ಕೆಳಗಿನವರೆಗೂ ಬಾಲ ಎಳೆದಿದ್ದರೆ ತುಂಡಾಗಿದೆ ಅಂತ ಅರ್ಥ.

ಈಗ ಮಷಿನ್

ಇಲ್ಲಿ ಹೇಳುವುದು ಕಡಿಮೆ. ಸುಮಾರು 4 ಕೋಟಿ ಅಕ್ಷರದ ಜೀನೋಮ್‌ಗೆ 60 ಪಟ್ಟು ಓದು (ಪ್ರತಿ ಅಕ್ಷರವನ್ನೂ ಸರಾಸರಿ 60 ಸಲ) ಬೇಕೆಂದರೆ 240 ಕೋಟಿ ಅಕ್ಷರದ ಡೇಟಾ. ಪ್ಯಾಕ್‌ಬಯೋ ಹೈಫೈ ಸಿಕ್ಕರೆ ಅದೇ ಒಳ್ಳೆಯದು, ಸುಮಾರು 15 ಸಾವಿರ ಅಕ್ಷರದ ರೀಡ್, ತಪ್ಪು ತೀರಾ ಕಡಿಮೆ. ನ್ಯಾನೋಪೋರ್ ಆರ್10.4.1 ಫ್ಲೋಸೆಲ್ ಆದರೆ ಒಂದರಲ್ಲೇ ಪ್ರತಿ ತಳಿಗೂ ಗುರುತಿನ ಬಾರ್‌ಕೋಡ್ ಹಾಕಿ ಎರಡು ಮೂರು ತಳಿ ಓದಿಸಬಹುದು. ಗಿಡ್ಡ ರೀಡ್ ಕೊಡುವ ಇಲ್ಯೂಮಿನಾ ಒಂದರಿಂದಲೇ ಮಾಡಿದರೆ ಜೀನೋಮ್ ಸಾವಿರಾರು ಚೂರಾಗಿ ಬರುತ್ತದೆ. ಜೀನ್ ಎಣಿಸಲು ಸಾಕಾದರೂ ಕ್ರೋಮೋಸೋಮ್ ಮಟ್ಟಕ್ಕೆ ಸಾಲದು. ಬೆಂಗಳೂರು, ಹೈದರಾಬಾದಿನಲ್ಲಿ ಸೇವೆ ಕೊಡುವ ಸಂಸ್ಥೆಗಳಿವೆ. ಒಪ್ಪಂದದಲ್ಲಿ ಕಚ್ಚಾ ಡೇಟಾ ಪೂರ್ತಿ ಕೊಡಬೇಕು, ನ್ಯಾನೋಪೋರ್ ಆದರೆ ಸಿಗ್ನಲ್ ಫೈಲ್ ಸಮೇತ, ಅಂತ ಬರೆಸಿಕೊಳ್ಳಿ. ಬರೀ ಪಿಡಿಎಫ್ ರಿಪೋರ್ಟ್‌ನಿಂದ ನಿಮಗೆ ಏನೂ ಉಪಯೋಗವಿಲ್ಲ.

ದುಡ್ಡು ಉಳಿದರೆ ಇನ್ನೂ ಆಳಕ್ಕೆ ಓದಿಸಬೇಡಿ, ಆರ್‌ಎನ್ಎ ಓದಿಸಿ. ಗ್ಲೂಕೋಸ್‌ನಲ್ಲಿ ಬೆಳೆದದ್ದು, ಮರದ ಪುಡಿಯಲ್ಲಿ ಬೆಳೆದದ್ದು, ಸಾಧ್ಯವಾದರೆ ತಾಯಿ ಡೈಕಾರಿಯಾನ್‌ನ ಎಳೆ ಅಣಬೆ. ಜೀನ್ ಎಲ್ಲಿ ಶುರು ಎಲ್ಲಿ ಮುಗಿಯುತ್ತದೆ ಅಂತ ಹೇಳಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಜೋಡಿಸುವುದು

ಮೊದಲು ಕೆ-ಮರ್ ಲೆಕ್ಕ. ಇಲ್ಯೂಮಿನಾ ಅಥವಾ ಹೈಫೈ ರೀಡ್‌ಗಳನ್ನು 21 ಅಕ್ಷರದ ತುಂಡು (ಇದೇ ಕೆ-ಮರ್) ಮಾಡಿ ಎಣಿಸಿ, ಗಾತ್ರ ಅಂದಾಜಿಸುವ ಪ್ರೋಗ್ರಾಂ ಆದ ಜೀನೋಮ್‌ಸ್ಕೋಪ್‌ಗೆ ಕೊಟ್ಟರೆ ತುಂಡುಗಳು ಎಷ್ಟೆಷ್ಟು ಸಲ ಬಂದಿವೆ ಅನ್ನುವ ಗ್ರಾಫ್ ಬರುತ್ತದೆ. ಸಾಮಾನ್ಯ ಪಾಠ ಏನೆಂದರೆ ಒಂದು ಶಿಖರ ಬಂದರೆ ಒಂಟಿ, ಎರಡು ಬಂದರೆ ಜೋಡಿ. ಸ್ಕೈಜೋಫಿಲಮ್‌ಗೆ ಈ ಪಾಠ ಕೈಕೊಡಬಹುದು. ಎರಡು ನ್ಯೂಕ್ಲಿಯಸ್ ನಡುವೆ 10% ಅಕ್ಷರ ಬೇರೆ ಇದೆ ಅಂತ ಇಟ್ಟುಕೊಳ್ಳಿ, ಆಗ 21 ಅಕ್ಷರದ ತುಂಡು ಎರಡರಲ್ಲೂ ಒಂದೇ ಇರುವ ಸಾಧ್ಯತೆ 11% ಮಾತ್ರ. ಹಂಚಿಕೊಂಡ ತುಂಡುಗಳ ಶಿಖರ ಎಷ್ಟು ಸಣ್ಣದಾಗುತ್ತದೆ ಅಂದರೆ ಕಣ್ಣಿಗೆ ಒಂದೇ ಶಿಖರ ಕಂಡ ಹಾಗಾಗುತ್ತದೆ. ಆದ್ದರಿಂದ ಶಿಖರ ಎಣಿಸುವುದಕ್ಕಿಂತ ಅಂದಾಜು ಗಾತ್ರ ನೋಡಿ. 3.8 ಕೋಟಿಯ ಸುತ್ತ ಇದ್ದರೆ ನೆಮ್ಮದಿ, 7 ಕೋಟಿ ದಾಟಿದರೆ ಪ್ಲೇಟಿಗೆ ವಾಪಸ್.

ಜೋಡಿಸಲು ನ್ಯಾನೋಪೋರ್ ರೀಡ್‌ಗೆ ಫ್ಲೈ, ಹೈಫೈಗೆ ಹೈಫೈಆಸ್ಮ್ ಅನ್ನುವ ಪ್ರೋಗ್ರಾಂ. ಹೈಫೈಆಸ್ಮ್‌ನಲ್ಲಿ ಮೈನಸ್ ಎಲ್ ಸೊನ್ನೆ (-l0) ಆಯ್ಕೆ ಕೊಡುವುದು ಮರೆಯಬೇಡಿ. ಇಲ್ಲದಿದ್ದರೆ ಅದು ಎರಡು ಪ್ರತಿ ಇದೆ ಅಂದುಕೊಂಡು ನಿಜವಾಗಿಯೂ ನಕಲಾದ ಜಾಗಗಳನ್ನು ಕಿತ್ತುಹಾಕಬಹುದು. ನ್ಯಾನೋಪೋರ್ ಜೋಡಣೆಗೆ ಮೆಡಾಕಾದಿಂದ ಒಮ್ಮೆ ಪಾಲಿಶ್, ಅಂದರೆ ಉಳಿದ ತಪ್ಪು ತಿದ್ದುವುದು. ಇಷ್ಟು ಸಣ್ಣ ಜೀನೋಮ್‌ಗೆ ದೊಡ್ಡ ಸರ್ವರ್ ಬೇಕಿಲ್ಲ, 32 ಜಿಬಿ ರ್‍ಯಾಮ್‌ನ ಡೆಸ್ಕ್‌ಟಾಪ್‌ನಲ್ಲೂ ನಡೆಯುತ್ತದೆ. ಅದೂ ಇಲ್ಲದವರಿಗೆ ಗ್ಯಾಲಕ್ಸಿ ಅನ್ನುವ ಉಚಿತ ವೆಬ್ ವೇದಿಕೆ ಇದೆ, ಬ್ರೌಸರ್‌ನಲ್ಲೇ ಎಲ್ಲ ಮಾಡಬಹುದು.

ಬಂದ ಜೋಡಣೆಯನ್ನು, ಅದು ಎಷ್ಟು ಪೂರ್ಣ ಅಂತ ನೋಡುವ ಬಸ್ಕೊ ಪ್ರೋಗ್ರಾಂಗೆ ಕೊಡಿ. ಅಣಬೆಗಳು ಸೇರುವ ಬೆಸಿಡಿಯೋಮೈಕೋಟಾ ಗುಂಪಿನ ಒಡಿಬಿ10 ಪಟ್ಟಿಯಲ್ಲಿ 1,764 ಜೀನ್ ಇವೆ, ಈ ಗುಂಪಿನಲ್ಲಿ ಬಹುತೇಕ ಎಲ್ಲರಲ್ಲೂ ಒಂದೊಂದೇ ಪ್ರತಿ ಇರಬೇಕಾದವು. ಜನ ಪೂರ್ಣತೆಯ ಶೇಕಡಾ ನೋಡಿ ಹಿಗ್ಗುತ್ತಾರೆ. ನೀವು ಅದರ ಪಕ್ಕದಲ್ಲಿರುವ ಡುಪ್ಲಿಕೇಟ್ ಅಂಕಿ ನೋಡಿ. ಒಂದೆರಡು ಶೇಕಡಾ ಪರವಾಗಿಲ್ಲ. ನೂರಕ್ಕೆ ಮೂವತ್ತು ನಲವತ್ತು ಇದ್ದರೆ ಎರಡನೇ ನ್ಯೂಕ್ಲಿಯಸ್ ಅಲ್ಲೇ ಕೂತಿದೆ. ಎರಡೆರಡು ಸಲ ಬಂದ ತುಂಡು ತೆಗೆಯುವ ಪರ್ಜ್ ಡಪ್ಸ್ ಓಡಿಸಿ ಅಂಕಿ ಇಳಿಸಬಹುದು, ಆದರೆ ಆಗ ಉಳಿಯುವ ಜೀನೋಮ್ ಒಂದು ತುಂಡು ಈ ನ್ಯೂಕ್ಲಿಯಸ್‌ನದು, ಇನ್ನೊಂದು ತುಂಡು ಆ ನ್ಯೂಕ್ಲಿಯಸ್‌ನದು ಅಂತಾಗುತ್ತದೆ. ಅಂಥ ಜೀವಿ ಎಲ್ಲೂ ಬದುಕಿಲ್ಲ.

ಇನ್ನು ಕೆಲವು ತಪಾಸಣೆ. ಸುಮಾರು 50 ಸಾವಿರ ಅಕ್ಷರದ ಒಂದು ತುಂಡು ಬೇರೆಲ್ಲಕ್ಕಿಂತ ಹತ್ತಾರು ಪಟ್ಟು ಜಾಸ್ತಿ ಓದಿಸಿಕೊಂಡಿದ್ದರೆ ಅದು ಮೈಟೋಕಾಂಡ್ರಿಯಾ, ಬೇರೆ ಎತ್ತಿಡಿ. ದೊಡ್ಡ ತುಂಡುಗಳ ತುದಿಯಲ್ಲಿ ಟಿಟಿಎಜಿಜಿಜಿ ಸಾಲು ಮತ್ತೆ ಮತ್ತೆ ಬಂದರೆ ಟೆಲೋಮಿಯರ್ (ಕ್ರೋಮೋಸೋಮ್‌ನ ತುದಿ) ತನಕ ಮುಟ್ಟಿದ್ದೀರಿ, ಎರಡೂ ತುದಿಯಲ್ಲಿದ್ದರೆ ಒಂದು ಕ್ರೋಮೋಸೋಮ್ ಪೂರ್ತಿ. ಜಿ, ಸಿ ಅಕ್ಷರಗಳ (ಜಿಸಿ) ಪ್ರಮಾಣ 57%ರ ಆಸುಪಾಸು ಇರಬೇಕು, ದೂರ ಇರುವ ತುಂಡುಗಳನ್ನು ಬ್ಲಾಬ್‌ಟೂಲ್ಸ್‌ನಲ್ಲಿ ನೋಡಿ, ಬ್ಯಾಕ್ಟೀರಿಯಾ ನುಗ್ಗಿರಬಹುದು.

ಮರ ತಿನ್ನುವ ಜೀನ್‌ಗಳು

ರಿಪೀಟ್‌ಮಾಡೆಲರ್, ರಿಪೀಟ್‌ಮಾಸ್ಕರ್ ಓಡಿಸಿ ಮರುಕಳಿಸುವ ಜಾಗಗಳನ್ನು ಮುಚ್ಚಿ, ಜೀನ್ ಹುಡುಕುವ ಫನ್ನೊಟೇಟ್ ಅಥವಾ ಬ್ರೇಕರ್‌ಗೆ ಆರ್‌ಎನ್ಎ ಡೇಟಾ ಜೊತೆ ಕೊಡಿ. ಫಂಗಸ್ ಆಯ್ಕೆ ಹಾಕಿ, ಯಾಕೆಂದರೆ ಇವುಗಳ ಇಂಟ್ರಾನ್ (ಜೀನ್ ನಡುವೆ ಬಂದು ಆಮೇಲೆ ಕತ್ತರಿಸಿಹೋಗುವ ತುಂಡು) ತೀರಾ ಗಿಡ್ಡ, ಐವತ್ತು ಅರವತ್ತು ಅಕ್ಷರ. 13ರಿಂದ 16 ಸಾವಿರ ಜೀನ್ ಬಂದರೆ ಸರಿ. 25 ಸಾವಿರ ಬಂದರೆ ಹೊಸ ಸಂಶೋಧನೆ ಅಂತ ಸಂಭ್ರಮಿಸಬೇಡಿ, ರಿಪೀಟ್ ಮುಚ್ಚಿಲ್ಲ ಅಥವಾ ಡೈಕಾರಿಯಾನ್.

ಮರದಲ್ಲಿ ಮುಖ್ಯವಾಗಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಮರವನ್ನು ಗಟ್ಟಿ ಮಾಡುವ ಲಿಗ್ನಿನ್ ಇರುತ್ತವೆ. ಬಿಳಿ ಕೊಳೆತ ಮಾಡುವ ಅಣಬೆಗಳು ಲಿಗ್ನಿನ್ ಅನ್ನೂ ಒಡೆಯುತ್ತವೆ, ಮರ ಬಿಳಿಚಿ ನಾರು ನಾರಾಗುತ್ತದೆ. ಕಂದು ಕೊಳೆತದವು ಲಿಗ್ನಿನ್ ಅನ್ನು ಹೆಚ್ಚುಕಡಿಮೆ ಬಿಟ್ಟು ಸೆಲ್ಯುಲೋಸ್ ಕೀಳುತ್ತವೆ, ಕಬ್ಬಿಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್‌ನ ಫೆಂಟನ್ ರಸಾಯನ ಬಳಸಿ. ಉಳಿದ ಮರ ಕಂದು ಬಣ್ಣದ ಘನಾಕಾರದ ಚೂರಾಗಿ ಒಡೆಯುತ್ತದೆ. 2012ರಲ್ಲಿ 31 ಶಿಲೀಂಧ್ರ ಜೀನೋಮ್ ಹೋಲಿಸಿದ ಅಧ್ಯಯನ, ಲಿಗ್ನಿನ್ ಒಡೆಯುವ ಪೆರಾಕ್ಸಿಡೇಸ್‌ಗಳು ಸುಮಾರು 30 ಕೋಟಿ ವರ್ಷದ ಹಿಂದೆ, ಕಲ್ಲಿದ್ದಲು ಯುಗದ ಕೊನೆಯ ಹೊತ್ತಿಗೆ ಬಂದವು, ಕಂದು ಕೊಳೆತದವು ಆಮೇಲೆ ಅವನ್ನು ಕಳೆದುಕೊಂಡವು ಅಂತ ತೋರಿಸಿತು.

ನಿಮ್ಮ ಪ್ರೋಟೀನ್ ಪಟ್ಟಿಯನ್ನು, ಮರ ಒಡೆಯುವಂಥ ಎನ್‌ಜೈಮ್‌ಗಳನ್ನು ಕುಟುಂಬವಾಗಿ ಗುರುತಿಸುವ ಡಿಬಿಕ್ಯಾನ್‌ಗೆ ಕೊಡಿ. ಮೊದಲು ನೋಡಬೇಕಾದ ಕುಟುಂಬಗಳು: ಎಎ2 ಪೆರಾಕ್ಸಿಡೇಸ್, ಎಎ1 ಲ್ಯಾಕೇಸ್, ಸೆಲ್ಯುಲೋಸ್ ಒಡೆಯುವ ಎಎ9, ಜಿಎಚ್6, ಜಿಎಚ್7. ಪಕ್ಕದಲ್ಲಿ ಫ್ಯಾನೆರೋಕೀಟೆ, ಪೋಸ್ಟಿಯಾ ಎರಡರ ಎಣಿಕೆಯನ್ನೂ ಇಟ್ಟುಕೊಳ್ಳಿ. ಫ್ಯಾನೆರೋಕೀಟೆಯಲ್ಲಿ 10 ಲಿಗ್ನಿನ್ ಪೆರಾಕ್ಸಿಡೇಸ್, 5 ಮ್ಯಾಂಗನೀಸ್ ಪೆರಾಕ್ಸಿಡೇಸ್ ಜೀನ್ ಇವೆ. ಪೋಸ್ಟಿಯಾದಲ್ಲಿ ಜಿಎಚ್6, ಜಿಎಚ್7 ಎರಡೂ ಇಲ್ಲ. ಸ್ಕೈಜೋಫಿಲಮ್ ಎರಡೂ ಗುಂಪಿಗೆ ಸರಿಯಾಗಿ ಕೂರುವುದಿಲ್ಲ, ಸೆಲ್ಯುಲೋಸ್ ಕಡೆಯ ಸಾಮಾನು ಭರ್ತಿ ಇದೆ, ಲಿಗ್ನಿನ್ ಪೆರಾಕ್ಸಿಡೇಸ್ ಇಲ್ಲ. ನನಗೆ ಇದನ್ನೇ ಆರಿಸಿ ಅನ್ನಲು ಇದೂ ಒಂದು ಕಾರಣ, ಹೇಳಲು ಕಥೆ ಇದೆ.

ಇಲ್ಲಿ ಒಂದು ಗುಂಡಿ ಇದೆ, ಬೀಳಬೇಡಿ. ಡಿಬಿಕ್ಯಾನ್ ನಿಮಗೆ ಒಂದೋ ಎರಡೋ ಎಎ2 ತೋರಿಸಬಹುದು. ತಕ್ಷಣ ಲಿಗ್ನಿನ್ ಪೆರಾಕ್ಸಿಡೇಸ್ ಸಿಕ್ಕಿತು ಅಂತ ಬರೆಯಬೇಡಿ. ಮೈಟೋಕಾಂಡ್ರಿಯಾದ ಸೈಟೋಕ್ರೋಮ್ ಸಿ ಪೆರಾಕ್ಸಿಡೇಸ್ ಕೂಡ ಅಲ್ಲಿ ಎಎ2 ಅಂತ ಕಾಣಿಸಬಹುದು, ಅದಕ್ಕೂ ಮರಕ್ಕೂ ಸಂಬಂಧ ಇಲ್ಲ. ಸಿಗ್ನಲ್‌ಪಿಯಲ್ಲಿ ಹಾಕಿ ಕೋಶದಿಂದ ಹೊರಗೆ ಹೋಗುವ ಪ್ರೋಟೀನಾ ನೋಡಿ. ಫ್ಯಾನೆರೋಕೀಟೆಯ ಪ್ರೋಟೀನ್ ಜೊತೆ ಸಾಲು ಹೊಂದಿಸಿ, ಮ್ಯಾಂಗನೀಸ್ ಹಿಡಿಯುವ ಮೂರು ಆಮ್ಲೀಯ ಅಮೈನೋ ಆಮ್ಲಗಳಿವೆಯಾ, ಲಿಗ್ನಿನ್ ಪೆರಾಕ್ಸಿಡೇಸ್‌ನ 171ನೇ ಟ್ರಿಪ್ಟೋಫಾನ್ ಇದೆಯಾ ಅಂತ ಕಣ್ಣಿಂದಲೇ ನೋಡಿ. ಹಾಗೆಯೇ ಜೀನ್ ಇಲ್ಲ ಅಂತ ಬರೆಯುವ ಮುಂಚೆ ಟಿಬ್ಲಾಸ್ಟ್‌ಎನ್‌ನಲ್ಲಿ ಇಡೀ ಜೀನೋಮ್ ಹುಡುಕಿ, ಕಚ್ಚಾ ರೀಡ್‌ಗಳಲ್ಲೂ ಹುಡುಕಿ. ಪಟ್ಟಿಯಲ್ಲಿ ಕಾಣದ ಜೀನ್ ಎಷ್ಟೋ ಸಲ ಸಾಫ್ಟ್‌ವೇರ್ ತಪ್ಪಿಸಿಕೊಂಡದ್ದು ಅಷ್ಟೇ.

ಜಮಾ ಮಾಡುವುದು

ಕಚ್ಚಾ ರೀಡ್, ಜೋಡಣೆ ಎರಡನ್ನೂ ಅಮೆರಿಕದ ಡಿಎನ್ಎ ಡೇಟಾ ಭಂಡಾರವಾದ ಎನ್‌ಸಿಬಿಐಗೆ ಹಾಕಿ. ಸರ್ಕಾರದ ದುಡ್ಡಿನಲ್ಲಿ ಮಾಡಿದ ಕೆಲಸವಾದರೆ ಫರೀದಾಬಾದಿನ ಇಂಡಿಯನ್ ಬಯಲಾಜಿಕಲ್ ಡೇಟಾ ಸೆಂಟರ್‌ಗೂ ಹಾಕಬೇಕಾ ಅಂತ ನಿಮಗೆ ಅನುದಾನ ಕೊಟ್ಟವರನ್ನು ಕೇಳಿಕೊಳ್ಳಿ. ಪೇಪರ್ ಬರುವ ತನಕ ಡೇಟಾ ಬಿಡುಗಡೆ ತಡೆಹಿಡಿಯುವ ಅವಕಾಶ ಇದೆ, ಭಯ ಬೇಡ. ಎನ್‌ಸಿಬಿಐ ತಾನೇ ಬೆರಕೆ ಪರೀಕ್ಷೆ ಮಾಡಿ ಅಡಾಪ್ಟರ್ ತುಂಡು (ಲೈಬ್ರರಿ ಮಾಡುವಾಗ ಅಂಟಿಸಿದ ಕೃತಕ ಡಿಎನ್ಎ), ಬ್ಯಾಕ್ಟೀರಿಯಾ ತುಂಡು ಕಂಡರೆ ವಾಪಸ್ ಕಳಿಸುತ್ತದೆ. ಅದೇ ಎಫ್‌ಸಿಎಸ್ ಪ್ರೋಗ್ರಾಂ ಅನ್ನು ಮೊದಲೇ ನೀವೇ ಓಡಿಸಿಕೊಂಡರೆ ವಾರಗಟ್ಟಲೆ ಓಡಾಟ ತಪ್ಪುತ್ತದೆ.

ಕಲ್ಚರ್ ಅನ್ನು ಪುಣೆಯ ನ್ಯಾಷನಲ್ ಫಂಗಲ್ ಕಲ್ಚರ್ ಕಲೆಕ್ಷನ್‌ಗೋ ಚಂಡೀಗಢದ ಮೈಕ್ರೋಬಿಯಲ್ ಟೈಪ್ ಕಲ್ಚರ್ ಕಲೆಕ್ಷನ್‌ಗೋ (ಎಂಟಿಸಿಸಿ) ಕಳಿಸಿ ನಂಬರ್ ಪಡೆದುಕೊಳ್ಳಿ. ಕಳಿಸುವಾಗ ಮಾನೋಕಾರಿಯಾನ್, ತಾಯಿ ಡೈಕಾರಿಯಾನ್ ಎರಡನ್ನೂ ಬೇರೆ ಬೇರೆ ಹೆಸರಿನಲ್ಲಿ ಕಳಿಸಿ, ಓದಿಸಿದ್ದು ಯಾವುದು ಅಂತ ಫಾರಂನಲ್ಲೂ ಟ್ಯೂಬಿನ ಮೇಲೂ ಬರೆಯಿರಿ. ಸ್ಪಿರಿಟ್ ತಾಗಿದರೆ ಅಳಿಸುವ ಪೆನ್ನಿನಲ್ಲಿ ಮಾತ್ರ ಬರೆಯಬೇಡಿ.